ಸಂಪಿಗೆ ಯಾವಾಗ ಅರಳುತ್ತೆ ಸ್ವಾಮಿ?

ಬೆಂಗಳೂರಿನ ಏರ್‌ಪೋರ್ಟಿಗೆ ರೈಲು ಬೇಕು ಅಂತ ಜನ ಗಲಾಟೆ ಮಾಡುತ್ತಾರೆ. ಪಾಪ, ಗೊತ್ತಿಲ್ಲ ಅವರಿಗೆ. ರೈಲು ಬಂದು ನೂರು ವರ್ಷ ದಾಟಿತು. ತಡವಾಗಿ ಬಂದಿದ್ದು ಏರ್‌ಪೋರ್ಟು.

1915ರ ಸುಮಾರಿಗೇ ಯಲಹಂಕದಿಂದ ದೊಡ್ಡಜಾಲ, ದೇವನಹಳ್ಳಿ, ಆವತಿ, ನಂದಿ ಹಾಯ್ದು ಚಿಕ್ಕಬಳ್ಳಾಪುರಕ್ಕೆ ನ್ಯಾರೋಗೇಜ್ ರೈಲು ಓಡುತ್ತಿತ್ತು. ಹಳಿಯ ಅಗಲ ಬರೀ ಎರಡೂವರೆ ಅಡಿ. ಆಮೇಲೆ ಅದೇ ದಾರಿ ಬ್ರಾಡ್‌ಗೇಜ್ ಆಯಿತು. 2008ರಲ್ಲಿ ವಿಮಾನ ನಿಲ್ದಾಣ ಬಂದು, ಸರಿಯಾಗಿ ಈ ಹಳಿಯ ಪಕ್ಕದಲ್ಲೇ ಕೂತಿತು.

ಇಷ್ಟೊಂದು ಅನುಕೂಲ ಒಟ್ಟಿಗೆ ಕೂಡಿಬಂದರೆ ಯಾವ ಅಧಿಕಾರಿಗಾದರೂ ಎದೆ ಝಲ್ ಅನ್ನುತ್ತೆ. ಹಳಿ ಇದೆ, ಜಾಗ ಇದೆ, ಜನ ಇದ್ದಾರೆ. ಇನ್ನು ಯೋಜನೆ ಅಂತ ಮಾಡೋದೇನನ್ನ? ಅದಕ್ಕೇ ಹದಿಮೂರು ವರ್ಷ ತಡೆದು, ಮನಸ್ಸು ಗಟ್ಟಿಮಾಡಿಕೊಂಡು, 2021ರಲ್ಲಿ ಅಲ್ಲೊಂದು ಹಾಲ್ಟ್ ಸ್ಟೇಷನ್ ಮಾಡಿದರು. ಇಳಿದವರನ್ನು ಟರ್ಮಿನಲ್ಲಿಗೆ ಸಾಗಿಸಲು ಬಸ್ಸು. ಟಿಕೆಟ್ಟು ಎಷ್ಟು ಅಗ್ಗ ಅಂದರೆ, ಏರ್‌ಪೋರ್ಟ್ ರಸ್ತೆಯ ಸಾದಹಳ್ಳಿ ಟೋಲಿನಲ್ಲಿ ದುಡ್ಡು ಕಟ್ಟಿ ಅಭ್ಯಾಸ ಆದವರಿಗೆ ಅನುಮಾನ ಬರುತ್ತೆ. ರೈಲು ಮಾತ್ರ ಕೈಬೆರಳಲ್ಲಿ ಎಣಿಸುವಷ್ಟು. ವಿಮಾನಗಳು ರೈಲಿನ ಟೈಮ್ ಟೇಬಲ್ ನೋಡಿಕೊಂಡು ಹಾರುವುದನ್ನು ಕಲಿತರೆ ಎಲ್ಲ ಸರಿಹೋಗುತ್ತೆ.

ನಾವು ಹಳಿಗೆ ಏನೂ ಮಾಡಿಲ್ಲ ಅಂತಲ್ಲ. ದೊಡ್ಡಜಾಲ, ನಂದಿ ಹಾಲ್ಟಿನಂಥ ಹಳೇ ಸ್ಟೇಷನ್‌ಗಳನ್ನು ಪಾರಂಪರಿಕ ಕಟ್ಟಡ ಉಳಿಸುವ ಇನ್‌ಟ್ಯಾಕ್ ಸಂಸ್ಥೆಯವರು ಎಷ್ಟು ಮುದ್ದಾಗಿ ರಿಪೇರಿ ಮಾಡಿಸಿದ್ದಾರೆ! (ಇದು ವ್ಯಂಗ್ಯ ಅಲ್ಲ, ಕೆಲಸ ನಿಜಕ್ಕೂ ಚೆನ್ನಾಗಿದೆ.) ಫೋಟೋಗೆ ಹೇಳಿ ಮಾಡಿಸಿದ ಜಾಗ. ಮಧ್ಯೆ ರೈಲು ಅಡ್ಡ ಬರುವ ಕಾಟವೂ ಕಡಿಮೆ. ಅತ್ತ ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಸೂರ್ಯೋದಯ ನೋಡಲು ಹೊರಟವರು ಮುಂದಿನ ಕಾರಿನ ಬ್ರೇಕ್ ಲೈಟ್ ನೋಡಿ ವಾಪಸ್ ಬರುತ್ತಾರೆ. ಅದೂ ಕೆಂಪಗೇ ಇರುತ್ತೆ, ಅಲ್ವಾ?

ಇಷ್ಟು ಸಾಲದು ಅಂತ ಬಂತು ಉಪನಗರ ರೈಲು. 1983ರಿಂದ ಮಾತಲ್ಲೇ ಓಡುತ್ತಿದ್ದ ಯೋಜನೆ. 148 ಕಿಲೋಮೀಟರ್, 15,767 ಕೋಟಿ ರೂಪಾಯಿ. ಮೊದಲು ನಾಲ್ಕು ಮಾರ್ಗಕ್ಕೂ ಹೆಸರಿಟ್ಟರು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಮೆಜೆಸ್ಟಿಕ್ಕಿನಿಂದ ಯಲಹಂಕ ಮೇಲೆ ದೇವನಹಳ್ಳಿಗೆ ಹೋಗುವುದು ಸಂಪಿಗೆ. 2022ರ ಜೂನ್‌ನಲ್ಲಿ ಪ್ರಧಾನಿ ಬಂದು ಅಡಿಗಲ್ಲು ಹಾಕಿದರು. ನಲವತ್ತು ವರ್ಷದಲ್ಲಿ ಆಗದ್ದು ನಲವತ್ತು ತಿಂಗಳಲ್ಲಿ ಆಗುತ್ತೆ ಅಂದರು. ಆ ನಲವತ್ತು ತಿಂಗಳು 2025ರ ಅಕ್ಟೋಬರ್‌ಗೆ ಮುಗಿಯಿತು, ಹೇಳಿದ ಟೈಮಿಗೆ ಸರಿಯಾಗಿ. ಈ ಯೋಜನೆಯಲ್ಲಿ ಟೈಮಿಗೆ ಮುಗಿದಿದ್ದು ಅದೊಂದೇ. ಅಷ್ಟರಲ್ಲಿ ಗುತ್ತಿಗೆ ಹಿಡಿದಿದ್ದ ದೊಡ್ಡ ಕಂಪನಿ ಸಾಕಪ್ಪಾ ಸಾಕು ಅಂತ ಕೈ ಮುಗಿದು ಹೊರಟಿತ್ತು.

ಅದೇ ಏರ್‌ಪೋರ್ಟಿಗೆ ಮೆಟ್ರೋ ಕೂಡ ಬರುತ್ತಿದೆ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರ, ಹೆಬ್ಬಾಳ ಸುತ್ತಿಕೊಂಡು ಸುಮಾರು 58 ಕಿಲೋಮೀಟರ್. 2021ರಲ್ಲಿ ಮಂಜೂರಾದ ವೆಚ್ಚ 14,788 ಕೋಟಿ. ಮೆಟ್ರೋ ಬೇಡ ಅಂತ ಯಾರೂ ಹೇಳುತ್ತಿಲ್ಲ. ಆಕಾಶದಲ್ಲಿ ಕಂಬ ನಿಲ್ಲಿಸಿದರೆ ನಾಲ್ಕು ಜನಕ್ಕೆ ಕಾಣುತ್ತೆ. ಇರೋ ಹಳಿಯ ಮೇಲೆ ಇನ್ನಷ್ಟು ರೈಲು ಬಿಟ್ಟರೆ ಯಾವ ರಿಬ್ಬನ್ ಕತ್ತರಿಸೋದು, ಕಲ್ಲಿನ ಮೇಲೆ ಯಾರ ಹೆಸರು ಕೆತ್ತಿಸೋದು?

ಸುಮ್ನೆ ಒಂದು ಸಲ ಯಾರಾದರೂ ಅಧಿಕಾರಿಯನ್ನು ಕೇಳಿ ನೋಡಿ.

‘ಸಾರ್, ದೇವನಹಳ್ಳಿಗೆ ಇನ್ನಷ್ಟು ರೈಲು ಬಿಡಬಹುದಲ್ಲ?’

‘ಸಿಂಗಲ್ ಲೈನ್ ಕಣ್ರೀ, ಆಗಲ್ಲ.’

‘ಡಬಲ್ ಮಾಡಿ.’

‘ಹೆಂಗೂ ಸಂಪಿಗೆ ಬರುತ್ತಲ್ಲ!’

‘ಯಾವಾಗ?’

‘ಮೊದಲು ಮಲ್ಲಿಗೆ ಆಗ್ಲಿ ಇರಿ.’

‘ಮಲ್ಲಿಗೆ ಯಾವಾಗ?’

‘ಟೆಂಡರ್ ನೋಡ್ತಾ ಇದ್ದೀವಿ. ನಿಮ್ಮ ಫ್ಲೈಟ್ ಎಷ್ಟೊತ್ತಿಗೆ?’

‘ರಾತ್ರಿ ಒಂಬತ್ತಕ್ಕೆ.’

‘ಅಯ್ಯೋ, ಮಧ್ಯಾಹ್ನ ಆಯ್ತಲ್ರೀ! ಹೊರಡಿ, ಹೊರಡಿ, ಹೆಬ್ಬಾಳ ಜಾಮ್ ಇರುತ್ತೆ.’