ಆರ್ದ್ರೆ ತಿರುಗುತ್ತಿದೆಯಾ, ಕುದಿಯುತ್ತಿದೆಯಾ?

ಧನು ತಿಂಗಳಲ್ಲಿ ನಮ್ಮ ಅಂಗಳದ ತುಂಬ ಅಡಿಕೆ. ಕಾಲಿಡಲು ಜಾಗ ಇರುವುದಿಲ್ಲ. ಊಟ ಮುಗಿಸಿ ಜಗಲಿಗೆ ಬಂದು ಕೂತರೆ, ಪೂರ್ವಕ್ಕೆ ತೋಟದ ತಲೆಯ ಮೇಲೆ ಒಂದು ಕೆಂಪು ನಕ್ಷತ್ರ ಬಂದಿರುತ್ತದೆ. ಪಂಚಾಂಗದಲ್ಲಿ ಅದು ಆರ್ದ್ರಾ. ಪಕ್ಕದ ಮನೆಯವರ ಮಲಯಾಳದಲ್ಲಿ ತಿರುವಾದಿರ. ವಿಜ್ಞಾನದ ಪುಸ್ತಕದಲ್ಲಿ ಬೀಟಲ್‌ಜ್ಯೂಸ್. ಬದಿಯಡ್ಕದಿಂದ ಕುಂಬಳೆಯವರೆಗೆ ಈ ಸೀಮೆಯಲ್ಲಿ ಯಾವ ವಸ್ತುವಿಗೂ ಒಂದೇ ಹೆಸರಿಲ್ಲ, ನಕ್ಷತ್ರಕ್ಕೂ ಇಲ್ಲ.

ಅದರ ಬಗ್ಗೆ ನನಗೂ ಅಣ್ಣನಿಗೂ ಎರಡು ವರ್ಷದಿಂದ ಜಗಳ. ಅದು ಬುಗುರಿ ಹಾಗೆ ತಿರುಗುತ್ತಿದೆ ಅಂತ ಅವನು. ಸುಮ್ನೆ ಹಾಗೆ ಕಾಣುತ್ತಿದೆ ಅಂತ ನಾನು. ಬಾಯಿ ಮಾತಲ್ಲಿ ಅವನೇ ಗೆಲ್ಲುತ್ತಾನೆ, ಸ್ವರ ದೊಡ್ಡದು. ಹಾಗಾಗಿ ಬರೆದೇ ಬಿಡುವ ಅಂತ ಆಯಿತು. ಮೊದಲು ಅಣ್ಣನದ್ದು.

ಪರ: ತಿರುಗುತ್ತಿದೆ, ಅದೂ ಇನ್ನೊಂದನ್ನು ನುಂಗಿ

ಸುಮಾರು 36 ವರ್ಷಕ್ಕೆ ಒಂದು ಸುತ್ತು. ಇದನ್ನು ಯಾರಾದರೂ ವೇಗ ಅಂತಾರಾ ಅಂತ ತಂಗಿ ನಗುತ್ತಾಳೆ. ಸೂರ್ಯ ತನ್ನ ನಡುಭಾಗದಲ್ಲಿ 25 ದಿನಕ್ಕೆ ಒಂದು ಸುತ್ತು ಮುಗಿಸುತ್ತಾನೆ, ಸರಿ. ಆದರೆ ಗಾತ್ರ ನೋಡಬೇಕಲ್ವಾ? ಆರ್ದ್ರೆಯನ್ನು ತಂದು ಸೂರ್ಯನ ಜಾಗದಲ್ಲಿ ಇಟ್ಟರೆ ಭೂಮಿ, ಮಂಗಳ ಎರಡೂ ಅದರ ಹೊಟ್ಟೆಯೊಳಗೆ. ಅಷ್ಟು ದೊಡ್ಡ ಮೈ 36 ವರ್ಷಕ್ಕೆ ಒಮ್ಮೆ ತಿರುಗಬೇಕಾದರೆ ಮೇಲ್ಮೈ ಸೆಕೆಂಡಿಗೆ 5 ಕಿಲೋಮೀಟರಿಗಿಂತ ಜಾಸ್ತಿ ಓಡಬೇಕು. ಸೂರ್ಯನ ಮೇಲ್ಮೈ ಓಡುವುದು 2 ಕಿಲೋಮೀಟರ್ ಮಾತ್ರ.

ಅಳೆದದ್ದು ಹೇಗೆ? ಕುಂಬಳೆಯಲ್ಲಿ ನಿಲ್ಲದ ರೈಲು ಹಾರ್ನ್ ಹಾಕಿಕೊಂಡು ಬರುವುದನ್ನು ಕೇಳಿದ್ದೀರಿ. ಹತ್ತಿರ ಬರುವಾಗ ಸ್ವರ ಏರಿರುತ್ತದೆ, ದಾಟಿದ ಕೂಡಲೇ ಇಳಿಯುತ್ತದೆ. ಬೆಳಕಿನದ್ದೂ ಅದೇ ಕತೆ. ನಮ್ಮ ಕಡೆಗೆ ಬರುವ ಅಂಚಿನ ಬೆಳಕು ನೀಲಿಯ ಕಡೆಗೆ ಸರಿಯುತ್ತದೆ, ದೂರ ಹೋಗುವ ಅಂಚಿನದ್ದು ಕೆಂಪಿನ ಕಡೆಗೆ. ಚಿಲಿಯ ಮರಳುಗಾಡಿನ ಆಲ್ಮಾ ರೇಡಿಯೋ ದೂರದರ್ಶಕಗಳು 2015ರಲ್ಲಿ ಆರ್ದ್ರೆಯನ್ನು ನೋಡಿದವು. ಅರ್ಧ ಭಾಗ ಬರುತ್ತಿತ್ತು, ಅರ್ಧ ಭಾಗ ಹೋಗುತ್ತಿತ್ತು. 2018ರಲ್ಲಿ ಲೆಕ್ಕ ಪ್ರಕಟವಾಯಿತು. ಅದಕ್ಕಿಂತ ಮೊದಲೇ ಹಬಲ್ ದೂರದರ್ಶಕ ನೇರಳಾತೀತ ಬೆಳಕಿನಲ್ಲಿ ನೋಡಿದಾಗಲೂ ಹೆಚ್ಚುಕಡಿಮೆ ಅದೇ ವೇಗ, ಹೆಚ್ಚುಕಡಿಮೆ ಅದೇ ದಿಕ್ಕು ಸಿಕ್ಕಿತ್ತು. ಇಷ್ಟು ವರ್ಷ ದಿಕ್ಕು ಬದಲಾಗದೆ ಇರುವುದು ತಿರುಗುವ ವಸ್ತುವಿನ ಗುಣ.

ಈಗ ನಿಜವಾದ ವಿಷಯ. ಈ ವೇಗ ಅಲ್ಲಿ ಇರಲೇಬಾರದಿತ್ತು.

ಯಕ್ಷಗಾನದಲ್ಲಿ ಧೀಂಗಿಣ ನೋಡಿ. ಕೈ ಮೈಗೆ ಹತ್ತಿರ ತಂದರೆ ಸುತ್ತು ಜೋರು, ಚಾಚಿದರೆ ನಿಧಾನ. ದೊಡ್ಡ ನಕ್ಷತ್ರಗಳು ಯೌವನದಲ್ಲಿ ಸೆಕೆಂಡಿಗೆ 200 ಕಿಲೋಮೀಟರ್ ವೇಗದಲ್ಲೂ ತಿರುಗುತ್ತವೆ. ಮಘಾ ನಕ್ಷತ್ರವಂತೂ 16 ಗಂಟೆಯೊಳಗೆ ಒಂದು ಸುತ್ತು ಮುಗಿಸಿ, ಆ ರಭಸಕ್ಕೆ ಸೊಂಟದಲ್ಲಿ ಉಬ್ಬಿಕೊಂಡಿದೆ. ಇಂಥ ನಕ್ಷತ್ರದ ಒಳಗೆ ಹೈಡ್ರೋಜನ್ ಮುಗಿದಾಗ ತಿರುಳು ಕುಗ್ಗುತ್ತದೆ, ಹೊರಮೈ ಊದಿಕೊಳ್ಳುತ್ತದೆ. ಕೈ ಚಾಚಿದ ಹಾಗೆ. ನೂರು ಪಟ್ಟು ಊದಿದರೆ 200 ಇದ್ದದ್ದು ಸೀದಾ ಲೆಕ್ಕದಲ್ಲೇ 2 ಆಯಿತು. ಜೊತೆಗೆ ಹೊರಗೆ ಬೀಸಿ ಹೋಗುವ ಅನಿಲ ಒಂದಿಷ್ಟು ತಿರುಗುಬಲವನ್ನೂ ಕೊಂಡೊಯ್ಯುತ್ತದೆ. ಕಂಪ್ಯೂಟರಿನಲ್ಲಿ ಸರಿಯಾಗಿ ಲೆಕ್ಕ ಹಾಕಿದರೆ 1 ಕಿಲೋಮೀಟರಿಗಿಂತಲೂ ಕೆಳಗೆ ಬರುತ್ತದೆ.

ಹಾಗಾದರೆ ಉಳಿದದ್ದು ಎಲ್ಲಿಂದ ಬಂತು? ಹೊರಗಿಂದ. ದೊಡ್ಡ ನಕ್ಷತ್ರಗಳು ಒಂಟಿಯಾಗಿ ಹುಟ್ಟುವುದೇ ಅಪರೂಪ. ಅತಿ ಭಾರದ ನಕ್ಷತ್ರಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚಿನವು ಬದುಕಿನಲ್ಲಿ ಒಮ್ಮೆಯಾದರೂ ಜೊತೆಗಾರನ ಜೊತೆ ಕೊಡು-ಕೊಳ್ಳು ಮಾಡುತ್ತವೆ ಅಂತ 2012ರಲ್ಲಿ ಗೊತ್ತಾಯಿತು. ಕೆಲವು ಒಂದಾಗಿಯೇ ಬಿಡುತ್ತವೆ. ಆರ್ದ್ರೆ ಊದುವಾಗ ಸೂರ್ಯನಷ್ಟೋ ಅದರ ಕೆಲವು ಪಟ್ಟೋ ಭಾರದ ಒಂದು ನಕ್ಷತ್ರ ಅದರೊಳಗೆ ಸಿಕ್ಕಿ, ಸುತ್ತುತ್ತಾ ಮುಳುಗಿ, ತನ್ನ ಸುತ್ತುಬಲವನ್ನೆಲ್ಲ ಬಿಟ್ಟುಕೊಟ್ಟಿತು ಅಂದರೆ ಲೆಕ್ಕ ಸರಿಹೊಂದುತ್ತದೆ.

ಈಗಲೂ ಅದರ ಪಕ್ಕದಲ್ಲಿ ಇನ್ನೊಂದು ಸಣ್ಣ ನಕ್ಷತ್ರ ಉಂಟು. ಸುಮಾರು ಆರು ವರ್ಷಕ್ಕೊಮ್ಮೆ ಆರ್ದ್ರೆಯ ಬೆಳಕು ಏರಿಳಿಯುವುದನ್ನು ನೋಡಿ, ಜೊತೆಗಾರ ಇರಬೇಕು ಅಂತ 2024ರಲ್ಲಿ ಹೇಳಿದರು. 2025ರಲ್ಲಿ ಹವಾಯಿಯ ಜೆಮಿನಿ ನಾರ್ತ್ ದೂರದರ್ಶಕಕ್ಕೆ ಮಸುಕಾಗಿ ಕಂಡೂ ಬಿಟ್ಟಿತು. ಇದಕ್ಕಿಂತ ಜಾಸ್ತಿ ಏನು ಬೇಕು?

ವಿರೋಧ: ಅದು ಬೆರಟಿ, ಬುಗುರಿ ಅಲ್ಲ

ಅಣ್ಣ ಅಡುಗೆಮನೆಗೆ ಬರುವುದು ಕಮ್ಮಿ. ಹಲಸಿನ ಬೆರಟಿ ಕಾಸುವುದನ್ನು ಅವನು ಹತ್ತಿರ ನಿಂತು ನೋಡಿದ್ದರೆ ಈ ವಾದ ಹುಟ್ಟುತ್ತಲೇ ಇರಲಿಲ್ಲ.

ನೀರು ಕುದಿಯುವಾಗ ಸಾವಿರ ಸಣ್ಣ ಗುಳ್ಳೆ. ಸೂರ್ಯನ ಮೇಲ್ಮೈ ಹಾಗೆ. ಬೆರಟಿ ಗಟ್ಟಿಯಾಗುತ್ತಾ ಬಂದಾಗ ಸಣ್ಣ ಗುಳ್ಳೆ ಇಲ್ಲ. ಒಂದು ಬದಿಯಲ್ಲಿ ದೊಡ್ಡದೊಂದು ಉಬ್ಬಿ ಏಳುತ್ತದೆ, ಇನ್ನೊಂದು ಬದಿ ತಗ್ಗುತ್ತದೆ. ಆಮೇಲೆ ಮತ್ತೆಲ್ಲೋ. ಆರ್ದ್ರೆ ಹೀಗೆ ಕುದಿಯುತ್ತದೆ, ಕಾರಣ ಮಾತ್ರ ಬೇರೆ. ಬೆರಟಿ ದಪ್ಪ ಅಂತ, ಆರ್ದ್ರೆ ತೆಳು ಅಂತ. ಅಷ್ಟು ಊದಿದ ಮೈಯಲ್ಲಿ ಗುರುತ್ವದ ಹಿಡಿತ ಸಡಿಲ, ಅದಕ್ಕೇ ಗುಳ್ಳೆಗಳು ರಾಕ್ಷಸ ಗಾತ್ರಕ್ಕೆ ಬೆಳೆಯುತ್ತವೆ. ಒಂದೊಂದು ಭೂಮಿ ಸೂರ್ಯನನ್ನು ಸುತ್ತುವ ದಾರಿಯಷ್ಟು ಅಗಲ. ಏರಿ ಇಳಿಯುವ ವೇಗ ಸೆಕೆಂಡಿಗೆ 30 ಕಿಲೋಮೀಟರಿನವರೆಗೆ. ಅಣ್ಣನ 5 ಕಿಲೋಮೀಟರ್ ಇದರ ಮುಂದೆ ಎಷ್ಟು?

ಈಗ ಅವನ ರೈಲಿಗೆ ಬರುವ. ಹಾರ್ನಿನ ಸ್ವರ ಏರಿತು ಅಂದರೆ ಅದು ನಮ್ಮ ಕಡೆ ಬರುತ್ತಿದೆ ಅಂತ ಅಷ್ಟೇ ಗೊತ್ತಾಗುತ್ತದೆ. ಯಾಕೆ ಬರುತ್ತಿದೆ ಅಂತ ಗೊತ್ತಾಗುವುದಿಲ್ಲ. ಬಲಬದಿಯಲ್ಲಿ ಒಂದು ಗುಳ್ಳೆ ಏಳುತ್ತಿದ್ದರೂ ಬಲಬದಿ ನಮ್ಮ ಕಡೆ ಬಂದ ಹಾಗೆಯೇ. ಎಡಬದಿಯಲ್ಲಿ ಇನ್ನೊಂದು ಇಳಿದರೆ, ನಕ್ಷತ್ರ ತಿರುಗಿದ ಹಾಗೆಯೇ. ಆಲ್ಮಾ ಎಷ್ಟು ಒಳ್ಳೆಯದಾದರೂ ಇಡೀ ಆರ್ದ್ರೆ ಅದಕ್ಕೆ ಕಾಣುವುದು ಕೆಲವೇ ಚುಕ್ಕೆಗಳಷ್ಟು. ಗುಳ್ಳೆ ಯಾವುದು, ಸುತ್ತು ಯಾವುದು ಅಂತ ಬಿಡಿಸಲು ಅಷ್ಟು ಸಾಲದು.

ಇದು ನನ್ನ ಊಹೆ ಅಲ್ಲ. 2024ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಖಭೌತ ಸಂಸ್ಥೆಯವರು ಕಂಪ್ಯೂಟರಿನಲ್ಲಿ ಆರ್ದ್ರೆಯಂಥ, ಆದರೆ ಸ್ವಲ್ಪವೂ ತಿರುಗದ ಕೆಂಪು ಮಹಾದೈತ್ಯ ನಕ್ಷತ್ರಗಳನ್ನು ಕುದಿಸಿದರು. ಆಮೇಲೆ ಅವನ್ನು ಆಲ್ಮಾ ಕಣ್ಣಿನಲ್ಲಿ ನೋಡಿದರೆ ಹೇಗೆ ಕಾಣುತ್ತವೆ ಅಂತ ಪರೀಕ್ಷೆ ಮಾಡಿದರು. ನೂರಕ್ಕೆ ತೊಂಬತ್ತು ಸಲ ಸೆಕೆಂಡಿಗೆ ಕೆಲವು ಕಿಲೋಮೀಟರ್ ವೇಗದಲ್ಲಿ ತಿರುಗಿದ ಹಾಗೆ ಕಂಡವು! ತಿರುಗದ್ದೇ ತಿರುಗಿದ ಹಾಗೆ ಕಂಡರೆ, ಕಂಡದ್ದನ್ನೆಲ್ಲ ತಿರುಗಾಟ ಅನ್ನುವುದು ಹೇಗೆ?

ಆ ಮೈ ಎಷ್ಟು ಅಡ್ಡಾದಿಡ್ಡಿ ಕುದಿಯುತ್ತದೆ ಅನ್ನುವುದಕ್ಕೆ ನಾವೇ ಸಾಕ್ಷಿ. 2019ರ ಡಿಸೆಂಬರ್ 26ರಂದು ಕಂಕಣ ಗ್ರಹಣ ನೋಡಲು ನಮ್ಮ ಜಿಲ್ಲೆಯ ಚೆರುವತ್ತೂರಿಗೆ ಊರೆಲ್ಲ ಹೋಗಿತ್ತು. ಹಗಲು ಸೂರ್ಯ ಬಳೆಯಾದದ್ದನ್ನೇ ಎಲ್ಲರೂ ಮಾತಾಡಿದರು. ಅದೇ ದಿನಗಳಲ್ಲಿ ರಾತ್ರಿ ಆರ್ದ್ರೆ ಮಂಕಾಗುತ್ತಾ ಹೋಗುತ್ತಿತ್ತು, ಅದನ್ನು ಕೇಳಿದವರು ಕಮ್ಮಿ. ಫೆಬ್ರವರಿಗೆ ಬರಿಗಣ್ಣಿಗೇ ಗೊತ್ತಾಗುವಷ್ಟು ಸೊರಗಿತ್ತು. ಸಿಡಿಯುತ್ತದೆ ಅಂತ ಕೆಲವರು ಕಾದದ್ದೂ ಉಂಟು. ಕೊನೆಗೆ ತಿಳಿದದ್ದು, ಅದು ದೊಡ್ಡದೊಂದು ತೇಗು ಬಿಟ್ಟಿದೆ. ಹೊರಬಿದ್ದ ಅನಿಲ ತಣಿದು ಧೂಳಾಗಿ ನಮಗೆ ಅಡ್ಡ ಬಂದಿತ್ತು. ಮೇಲ್ಮೈಯ ಒಂದು ಭಾಗವೂ ತಣ್ಣಗಾಗಿತ್ತು.

ಜೊತೆಗಾರನ ಮಾತು ಬಿಡಿ. ಅದನ್ನು ನುಂಗುವುದು ಇನ್ನು ಸುಮಾರು 10,000 ವರ್ಷದ ಮೇಲೆ. ಎಲೆಯಲ್ಲಿ ಒಂದು ಹೋಳಿಗೆ ಉಂಟು ಅಂದ ಮಾತ್ರಕ್ಕೆ ಇವನು ಮೊದಲೇ ಒಂದು ತಿಂದಿದ್ದಾನೆ ಅಂತ ಆಗುತ್ತದಾ? (ಅಣ್ಣನ ವಿಷಯದಲ್ಲಿ ಆಗುತ್ತದೆ. ನಕ್ಷತ್ರದ ವಿಷಯದಲ್ಲಿ ಇಲ್ಲ.)

ಒಂದು ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ಒಪ್ಪಿಕೊಳ್ಳುತ್ತೇನೆ. ಹಬಲ್ ಕಂಡ ದಿಕ್ಕೂ ಆಲ್ಮಾ ಕಂಡ ದಿಕ್ಕೂ ಹತ್ತಿರ ಹತ್ತಿರ ಯಾಕೆ? ಗುಳ್ಳೆಗಳಿಗೆ ದಿಕ್ಕಿನ ನೆನಪು ಇರುವುದಿಲ್ಲ. ಆದರೆ ನಾಣ್ಯವನ್ನು ಎರಡು-ಮೂರು ಸಲ ಚಿಮ್ಮಿ ಒಂದೇ ಮುಖ ಬಿದ್ದರೆ ನಾಣ್ಯ ಖೋಟಾ ಅಂತ ನಾನು ಹೇಳುವುದಿಲ್ಲ. ಇನ್ನೂ ಹರಿತವಾದ ಕಣ್ಣಿನಿಂದ, ಕೆಲವು ವರ್ಷ ಬಿಟ್ಟು ಬಿಟ್ಟು ನೋಡಲಿ. ಸುತ್ತಾದರೆ ಬರುವ ಬದಿ ಬರುತ್ತಲೇ ಇರುತ್ತದೆ. ಗುಳ್ಳೆಯಾದರೆ ಬದಿ ಬದಲಾಗುತ್ತದೆ.

ಹಾಗೆ ನೋಡಿ ಬದಿ ಬದಲಾಗಲಿಲ್ಲ ಅಂತಾದರೆ, ಆ ವರ್ಷದ ಅಡಿಕೆ ಸುಲಿಯುವ ಕೆಲಸ ಪೂರ್ತಿ ನನ್ನದು. ಅಣ್ಣ ಇದನ್ನು ಓದಿ, ತಾರೀಕು ಹಾಕಿ ಸಹಿ ಮಾಡು ಅಂದ. ಮಾಡಿದ್ದೇನೆ.