ಎರಡು ರೂಪಾಯಿಯ ಅನುಮಾನ

ವಿಜಯಪುರ ಜಿಲ್ಲೆಯ ಮಸಬಿನಾಳದ ಪರಾಕ್ರಮ ಎಲ್ಲರಿಗೂ ಗೊತ್ತೇ ಇದೆ. 2023ರ ಮೇ 10, ವಿಧಾನಸಭೆ ಚುನಾವಣೆ. ಮತಯಂತ್ರ ಕದ್ದೊಯ್ಯುತ್ತಿದ್ದಾರೆಂಬ ಗುಮಾನಿಯಲ್ಲಿ ಊರವರು ಅಧಿಕಾರಿಗಳ ಗಾಡಿ ತಡೆದು, ಯಂತ್ರಗಳನ್ನು ಒಡೆದು ಪುಡಿ ಮಾಡಿದರು. ಎಂಥ ಜಾಗೃತಿ! ಒಡೆದದ್ದು ಕಾಯ್ದಿರಿಸಿದ ಯಂತ್ರ, ಅದರಲ್ಲಿ ಒಂದೇ ಒಂದು ವೋಟೂ ಇರಲಿಲ್ಲ ಎಂಬುದು ಚಿಲ್ಲರೆ ವಿಚಾರ. ಯಾವುದೋ ಬೂತಿನ ಯಂತ್ರ ಕೈಕೊಟ್ಟರೆ ಬದಲಿಸಲೆಂದೇ ಅದು ಸೆಕ್ಟರ್ ಅಧಿಕಾರಿಯ ಗಾಡಿಯಲ್ಲಿ ಊರೂರು ಸುತ್ತುತ್ತದೆ. ಸುತ್ತದಿದ್ದರೆ, ‘ಯಂತ್ರ ಕೆಟ್ಟು ಎರಡು ತಾಸಾಯ್ತು, ಒಬ್ಬನೂ ಬರಲಿಲ್ಲ’ ಎಂದು ಅದೇ ಕಲ್ಲು ಮೇಲೇಳುತ್ತಿತ್ತು.

ಸರಿ, ಬೂತಿನಲ್ಲಿ ಕೂತ ಮೇಷ್ಟ್ರು, ಮೇಡಂ, ಬ್ಯಾಂಕ್ ಗುಮಾಸ್ತ ಎಲ್ಲರೂ ಕಳ್ಳರೆಂದೇ ಇಟ್ಟುಕೊಳ್ಳೋಣ. ಇಂಥ ದಡ್ಡ ಕಳ್ಳರನ್ನು ಭೂಮಿ ಹೊತ್ತಿಲ್ಲ. ಏಳಕ್ಕೆ ಮತದಾನವೆಂದರೆ ಐದೂವರೆಗೇ ಎಲ್ಲ ಪಕ್ಷದ ಏಜೆಂಟರನ್ನು ಕೂರಿಸಿಕೊಂಡು ಅಣಕು ಮತದಾನ ಮಾಡುತ್ತಾರೆ. ನೋಟಾ ಸೇರಿ ಎಲ್ಲ ಗುಂಡಿ ಒತ್ತಿ, ಕನಿಷ್ಠ 50 ವೋಟು. ಆಮೇಲೆ ಮತದಾನ ಮುಚ್ಚಲು ಕ್ಲೋಸ್, ಎಣಿಕೆ ನೋಡಲು ರಿಸಲ್ಟ್, ಅಳಿಸಲು ಕ್ಲಿಯರ್ ಗುಂಡಿ. ವಿವಿಪ್ಯಾಟ್‌ನಿಂದ (ಯಾರಿಗೆ ವೋಟು ಬಿತ್ತೆಂದು ಚೀಟಿಯಲ್ಲಿ ತೋರಿಸುವ ಯಂತ್ರ) ಉದುರಿದ ಚೀಟಿಗಳ ಬೆನ್ನಿಗೆ ಮುದ್ರೆ ಹೊಡೆದು ಕಪ್ಪು ಲಕೋಟೆಯಲ್ಲಿ ಸೀಲು. ವೋಟು ದಾಖಲಾಗುವ ಕಂಟ್ರೋಲ್ ಯೂನಿಟ್‌ಗೆ ಹಸಿರು ಕಾಗದದ ಸೀಲು, ಅದರ ಮೇಲೆ ಏಜೆಂಟರದೇ ಸಹಿ. ಕ್ಲಿಯರ್ ಒತ್ತುವುದು ಮರೆತರೆ ಅಣಕು ವೋಟು ಅಸಲಿ ವೋಟಿನ ಜತೆ ಸೇರಿಕೊಂಡು, ಎಣಿಕೆಯ ದಿನ ಲೆಕ್ಕ ತಾಳೆಯಾಗದೆ ಪಿಆರ್‌ಒ (ಮತಗಟ್ಟೆಯ ಅಧ್ಯಕ್ಷಾಧಿಕಾರಿ) ಸಾಹೇಬರ ಕೆಲಸಕ್ಕೇ ಕುತ್ತು.

ಏಜೆಂಟರು ಮಾತ್ರ ಬಂದಿರುವುದಿಲ್ಲ. ಹದಿನೈದು ನಿಮಿಷ ಕಾದು ಶುರು ಮಾಡಬಹುದೆಂಬ ನಿಯಮವಿದೆ. ಆರೂವರೆಗೆ ಕಾಫಿ ಮುಗಿಸಿ ಬಂದವರು ಕೇಳುವ ಮೊದಲ ಪ್ರಶ್ನೆ: ‘ನಾವಿಲ್ಲದೆ ಒಳಗೇನ್ರೀ ಮಾಡ್ತಿದ್ರಿ?’

ವಿವಿಪ್ಯಾಟ್ ಎಂಬ ಮಹಾರಾಯನದು ಬೇರೆಯೇ ಕಥೆ. ಅದರ ಹಿಂಬದಿಯಲ್ಲೊಂದು ತಿರುಗುಗುಂಡಿ: ಸಾಗಿಸುವಾಗ ಅಡ್ಡ, ಕೆಲಸಕ್ಕೆ ನೆಟ್ಟಗೆ. ತಿರುಗಿಸದೆ ಸ್ವಿಚ್ ಹಾಕಿದರೆ ಕಾಗದದ ಸುರುಳಿ ಅಲ್ಲಾಡುವುದಿಲ್ಲ. ಕಿಟಕಿಯ ಬಿಸಿಲೋ ಬಲ್ಬಿನ ಬೆಳಕೋ ನೇರ ಬಿದ್ದರೂ ಮುನಿಸಿಕೊಳ್ಳುತ್ತದೆ. ಹಾಗಾಗಿ ಮೇಷ್ಟ್ರು ಮೇಜನ್ನು ಕಿಟಕಿಯಿಂದ ದೂರ ಎಳೆಯುತ್ತಾರೆ. ಹತ್ತು ನಿಮಿಷದಲ್ಲಿ ವಾಟ್ಸ್ಆ್ಯಪ್‌ನಲ್ಲಿ ಸುದ್ದಿ: ‘ಬೂತಿನ ಕತ್ತಲೆ ಮೂಲೆಯಲ್ಲಿ ಏನೋ ನಡೀತಿದೆ, ಎಲ್ಲರಿಗೂ ಕಳಿಸಿ.’

ಅನುಮಾನಕ್ಕೆ ಕಾನೂನಿನಲ್ಲೇ ದಾರಿ ಇದೆ. ಬಂದವನು ಅಸಲಿ ಮತದಾರನಲ್ಲ ಎನಿಸಿದರೆ ಏಜೆಂಟ್ ಎರಡು ರೂಪಾಯಿ ಕಟ್ಟಿ ಆಕ್ಷೇಪ ಎತ್ತಬಹುದು, ಪಿಆರ್‌ಒ ಅಲ್ಲೇ ವಿಚಾರಣೆ ನಡೆಸಬೇಕು. ನಾನೊಂದು ಒತ್ತಿದೆ, ಚೀಟಿಯಲ್ಲಿ ಇನ್ನೊಂದು ಬಂತು ಎನ್ನುವವರು ಹಾಗೆಂದು ಬರೆದುಕೊಟ್ಟರೆ ಏಜೆಂಟರೆದುರೇ ಪರೀಕ್ಷಾ ಮತ ಹಾಕಿಸುತ್ತಾರೆ. ಸುಳ್ಳೆಂದು ಗೊತ್ತಾದರೆ ಶಿಕ್ಷೆ ಉಂಟು ಅಂದ ಕೂಡಲೇ, ಏಳು ಸೆಕೆಂಡು ಕಣ್ಣಿಗೆ ಬಿದ್ದ ಚೀಟಿ ಸರಿಯಾಗಿಯೇ ಇತ್ತೆಂದು ನೆನಪಾಗುತ್ತದೆ. ಹೊರಗೆ ನಿಂತು ವಿಡಿಯೊ ಮಾಡಲು ಎರಡು ರೂಪಾಯಿಯೂ ಬೇಡ, ಸಹಿಯೂ ಬೇಡ.

ನಗುವುದಕ್ಕೂ ಸುಸ್ತಾಗಿದೆ. 2024ರ ಏಪ್ರಿಲ್ 26ರಂದು, ಲೋಕಸಭೆ ಚುನಾವಣೆಯಲ್ಲಿ, ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ಮತಗಟ್ಟೆಯನ್ನೇ ಧ್ವಂಸ ಮಾಡಿದರು, 29ಕ್ಕೆ ಮರುಮತದಾನವಾಯಿತು. ಆ ಊರಿಗೆ ಸೌಲಭ್ಯವಿಲ್ಲ ಎನ್ನುವ ಸಿಟ್ಟು ನ್ಯಾಯವಾದದ್ದೇ. ಆದರೆ ರಸ್ತೆ ಮಾಡಿಸದವರು ಬೂತಿನಲ್ಲಿ ಕೈಗೆ ಸಿಗುವುದಿಲ್ಲ, ಸಿಗುವುದು ಹಿಂದಿನ ರಾತ್ರಿ ಶಾಲೆಯ ಬೆಂಚಿನ ಮೇಲೆ ಮಲಗೆದ್ದ ಮೇಡಂ. ಅದೇ ಚುನಾವಣೆಯ ಕೊನೆ ಹಂತದಲ್ಲಿ ಉತ್ತರ ಪ್ರದೇಶದ ಚುನಾವಣಾ ಸಿಬ್ಬಂದಿ ಬಿಸಿಲ ಝಳಕ್ಕೆ ಸತ್ತರು. ಒಬ್ಬಿಬ್ಬರಲ್ಲ. ಬೇಡ ಅನ್ನಲಾಗದ ಡ್ಯೂಟಿ ಅದು, ಗೈರಾದರೆ ನೋಟಿಸು, ಅಮಾನತು. ಅವರನ್ನೇ ನಾವು ಕಳ್ಳರು ಅನ್ನುವುದು. ನಾಚಿಕೆಗೇಡು.

ಇರಲಿ. ಸಂಜೆ ಆರಕ್ಕೆ ಸಾಲಿನಲ್ಲಿ ಉಳಿದವರಿಗೆ ಚೀಟಿ ಹಂಚುತ್ತಾರೆ, ಅದೂ ಕಟ್ಟಕಡೆಯವರಿಂದ ಶುರು ಮಾಡಿ, ಬೆನ್ನ ಹಿಂದೆ ಹೊಸಬರು ನುಸುಳಬಾರದೆಂದು. ‘ಮೊದಲು ಬಂದವರಿಗೆ ಕೊನೆಗಾ?’ ಎಂಬ ಜಗಳ ಅಲ್ಲೊಂದು. ಎಲ್ಲ ಮುಗಿದು ಕ್ಲೋಸ್ ಒತ್ತಿದ ಮೇಲೆ 17ಸಿ ನಮೂನೆ ತುಂಬಬೇಕು: ಯಂತ್ರದಲ್ಲಿ ಒಟ್ಟು ಎಷ್ಟು ವೋಟು ಎಂಬ ಲೆಕ್ಕ. ಎಣಿಕೆಯಲ್ಲಿ ಮೋಸವಾಯಿತೇ ಎಂದು ಹಿಡಿಯಲು ಪಕ್ಷಗಳ ಕೈಗೆ ಸಿಗುವ ಗಟ್ಟಿ ಕಾಗದ ಅದು. ಪ್ರತಿ ಏಜೆಂಟರಿಗೂ ನಕಲು ಕೊಟ್ಟು ಸಹಿ ಪಡೆಯಬೇಕು. ಆ ಹೊತ್ತಿಗೆ ಏಜೆಂಟ್ ಮಹಾಶಯರು ಊಟಕ್ಕೆ ಹೋಗಿರುತ್ತಾರೆ. ಯಂತ್ರಗಳನ್ನೂ ಸಿಬ್ಬಂದಿಯನ್ನೂ ವಾಪಸ್ ಒಯ್ಯುವ ಡಿಮಸ್ಟರಿಂಗ್ ಬಸ್ಸು ಹಾರ್ನ್ ಹೊಡೆಯುತ್ತಿರುತ್ತದೆ, ಪಿಆರ್‌ಒ ಕಾಗದ ಹಿಡಿದುಕೊಂಡು ಅವರ ಮೊಬೈಲಿಗೆ ಫೋನ್ ಮಾಡುತ್ತಿರುತ್ತಾರೆ.