ಆರು ರೊಟ್ಟಿಯ ಪ್ಯಾರಿಸ್

ರಜೆಗೆ ಕಲಬುರಗಿಗೆ ಬಂದು ಮೂರು ದಿನ ಆಗಿತ್ತು. ಮೇ ತಿಂಗಳ ಬಿಸಿಲು. ಹನ್ನೊಂದು ಗಂಟೆಗೇ ಓಣಿ ಖಾಲಿ. ಕೂಲರ್ ಮುಂದೆ ಮನೆಮಂದಿಯೆಲ್ಲ ಸೇರಿದ್ದರು. ಕಾಕಿ ಕೇಳಿದರು, "ಪ್ಯಾರಿಸ್ ನೋಡಿ ಬಂದೀಯಂತ, ಹ್ಯಾಂಗದಾಪಾ?" ಮುತ್ಯಾನ ಪ್ರಶ್ನೆ ಬೇರೆ. "ಅಲ್ಲಿ ಜ್ವಾಳ ಬೆಳಿತಾರೇನು?"

ಕಾಕಿಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಶನಿವಾರ ಬೆಳಿಗ್ಗೆ ಇಳಿದು ಭಾನುವಾರ ರಾತ್ರಿ ಬಸ್ ಹತ್ತಿದವನು ಒಂದು ಊರು ಹೇಗಿದೆ ಅಂತ ಏನು ಹೇಳಬೇಕು? ಎಲ್ಲೆಲ್ಲಿ ಕೂತು ರೊಟ್ಟಿ ತಿಂದೆ ಅಂತ ಕೇಳಿದರೆ ಮಾತ್ರ ಒಂದೂ ಬಿಡದೆ ಹೇಳಬಲ್ಲೆ.

ನಾನು ಓದುವುದು ಜರ್ಮನಿಯ ಆಖೆನ್ ಎಂಬ ಊರಲ್ಲಿ. ಹೋಗುವಾಗ ಅವ್ವ ಐವತ್ತು ಖಡಕ್ ರೊಟ್ಟಿ ಕಟ್ಟಿ ಕೊಟ್ಟಿದ್ದಳು. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ. ತುಪ್ಪವನ್ನು ನಾನೇ ಬಿಟ್ಟು ಹೋದೆ. ಹೊರಗಿನಿಂದ ಯುರೋಪಿನೊಳಗೆ ಹಾಲಿನ ಪದಾರ್ಥ ತರುವಂತಿಲ್ಲ. ಅವ್ವನಿಗೆ ಇದು ಇವತ್ತಿಗೂ ಒಪ್ಪಿಗೆಯಾಗಿಲ್ಲ. "ತುಪ್ಪ ಬ್ಯಾಡ ಅನ್ನೋ ದೇಶದಾಗ ಏನ್ ಓದ್ತಿ?" ಅಂದಿದ್ದಳು.

ಬಿಸಿ ರೊಟ್ಟಿಯ ಮಾತು ಬೇರೆ. ಅದು ಒಲೆ ಬಿಟ್ಟು ಪಡಸಾಲೆಗೆ ಬರುವಷ್ಟರಲ್ಲಿ ಸಪ್ಪಗಾಗುತ್ತದೆ. ಖಡಕ್ ರೊಟ್ಟಿ ಪ್ರಯಾಣಕ್ಕೆಂದೇ ಹುಟ್ಟಿದ್ದು. ಬಿಳಿ ಜೋಳದ ಹಿಟ್ಟು, ಕುದಿಯುವ ನೀರು, ಅಷ್ಟೇ. ತೆಳ್ಳಗೆ ಬಡಿದು ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಸವರಿ, ಬೆಂದ ಮೇಲೆ ಒಲೆಯ ಪಕ್ಕ ಆನಿಸಿ ನಿಲ್ಲಿಸುತ್ತಾರೆ. ತೇವ ಪೂರ್ತಿ ಹೋದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಅದಕ್ಕಿರುವ ಶತ್ರು ಒಂದೇ, ವಿಮಾನದ ಸಾಮಾನು ಎಸೆಯುವವರು. ಐವತ್ತರಲ್ಲಿ ಇಪ್ಪತ್ತೊಂದು ಇಡಿಯಾಗಿ ಮುಟ್ಟಿದವು. ಚೂರುಗಳನ್ನು ಮೊಸರಲ್ಲಿ ನೆನೆಸಿ ಒಂದು ಸೆಮಿಸ್ಟರ್ ಕಳೆದೆ. ಇಡಿಯವನ್ನು ಮಾತ್ರ ಬಂಗಾರದ ಹಾಗೆ ಕಾಯ್ದಿಟ್ಟಿದ್ದೆ.

ಪ್ಯಾರಿಸ್ಸಿಗೆ ಹೋಗೋಣ ಅಂದವನು ಹುಬ್ಬಳ್ಳಿ ಕಡೆಯ ಗೆಳೆಯ. ಆಖೆನ್‌ನಿಂದ ಸುಮಾರು 400 ಕಿಲೋಮೀಟರ್. ಅಂದರೆ ಕಲಬುರಗಿಯಿಂದ ಬೆಂಗಳೂರಿಗಿಂತ ಹತ್ತಿರ! ರಾತ್ರಿ ಬಸ್ ಹತ್ತಿ, ನಡುವೆ ಬೆಲ್ಜಿಯಂ ದಾಟಿ, ಬೆಳಿಗ್ಗೆ ಫ್ರಾನ್ಸ್. ಗಡಿ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಮೊಬೈಲಿಗೆ ಮೆಸೇಜ್ ಬಂದಾಗಲೇ ದೇಶ ಬದಲಾಯಿತು ಅಂತ ತಿಳಿದದ್ದು. ಹೊರಡುವ ಮುಂಚೆ ಅವ್ವನಿಗೆ ಫೋನ್ ಮಾಡಿದರೆ ಅವಳು ಲೆಕ್ಕ ಹಾಕಿದಳು. ಎರಡು ದಿನ, ಮೂರು ಹೊತ್ತು, ಆರು ರೊಟ್ಟಿ. ಪ್ಯಾರಿಸ್ಸಿನ ಊಟದ ದರ ಕೇಳಿದ್ದ ನನಗೂ ಅದೇ ಸರಿ ಅನ್ನಿಸಿತು. ಲ್ಯಾಪ್‌ಟಾಪ್ ರೂಮಲ್ಲೇ ಬಿಟ್ಟು, ಬ್ಯಾಗಿನಲ್ಲಿ ಅದರ ಖಾನೆಗೆ ಟವೆಲ್ ಸುತ್ತಿದ ಆರು ರೊಟ್ಟಿ ಇಳಿಸಿದೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತವು.

ಇಲ್ಲಿ ಒಂದು ಮಾತು ಹೇಳಬೇಕು. ಖಡಕ್ ರೊಟ್ಟಿಯನ್ನು ನಡೆಯುತ್ತಾ ತಿನ್ನಲು ಆಗುವುದಿಲ್ಲ. ಎರಡು ಕೈ ಬೇಕು, ತೊಡೆ ಮೇಲೆ ಬಟ್ಟೆ ಬೇಕು. ಹಿಂಡಿಗೆ ಮೊಸರು ಕಲಸಬೇಕು, ಉಳ್ಳಾಗಡ್ಡಿ ಇದ್ದರೆ ಗುದ್ದಬೇಕು. ಅಂದರೆ ಕೂರಲೇಬೇಕು. ಗೆಳೆಯನ ಮೊಬೈಲಲ್ಲಿ ಹತ್ತೊಂಬತ್ತು ಜಾಗಗಳ ಪಟ್ಟಿ ಇತ್ತು. ಅವನು ಸ್ಯಾಂಡ್‌ವಿಚ್ ಕಚ್ಚುತ್ತಾ ಓಡುವವನು. ನಾನು ಹೊತ್ತು ಹೊತ್ತಿಗೆ ಕೂರುವವನು. ಆ ಎರಡು ದಿನ ನಮ್ಮಿಬ್ಬರ ಸ್ನೇಹ ಉಳಿದದ್ದೇ ದೊಡ್ಡದು.

ಮೊದಲನೇ ರೊಟ್ಟಿ ಬಸ್ ಸ್ಟ್ಯಾಂಡ್ ಪಕ್ಕದ ಬೆರ್ಸಿ ಪಾರ್ಕಿನಲ್ಲಿ, ನಿದ್ದೆಗಣ್ಣಲ್ಲಿ. ಹಿಂದೆ ಅಲ್ಲಿ ವೈನ್ ಗೋದಾಮುಗಳಿದ್ದವಂತೆ. ಈಗಲೂ ಸಣ್ಣದೊಂದು ದ್ರಾಕ್ಷಿ ತೋಟ ಉಳಿಸಿಕೊಂಡಿದ್ದಾರೆ. ಅದರ ರುಚಿ ನೆನಪಿಲ್ಲ. ರೊಟ್ಟಿಯದು ಹೇಳುತ್ತಿದ್ದೇನೆ.

ಎರಡನೆಯದಕ್ಕೆ ಕಥೆ ಇದೆ. ಐಫೆಲ್ ಗೋಪುರದ ಬುಡಕ್ಕೆ ಹೋಗಬೇಕಾದರೆ ಬ್ಯಾಗ್ ತಪಾಸಣೆ. ಕಾವಲುಗಾರ ಲ್ಯಾಪ್‌ಟಾಪ್ ಇರಬೇಕು ಅಂತ ಆ ಖಾನೆಗೆ ಕೈ ಹಾಕಿದ. ಟವೆಲ್ ಹೊರಬಂತು. ಬಿಚ್ಚಿದ. ದುಂಡಗೆ, ಬೆಳ್ಳಗೆ, ಅಲ್ಲಲ್ಲಿ ಸುಟ್ಟ ಕಲೆ ಇರುವ ಐದು ತಟ್ಟೆಗಳು. ಬೆರಳ ಗಿಣ್ಣಿನಿಂದ ಬಡಿದ. ಟಣ್ ಅಂತು. ಹಿಂದಿನ ಸಾಲು ನಿಂತುಬಿಟ್ಟಿತು. ಗೆಳೆಯ ನನ್ನ ಪರಿಚಯವೇ ಇಲ್ಲದವನ ಹಾಗೆ ಗೋಪುರ ನೋಡತೊಡಗಿದ. "ಇದೇನು?" ಅಂದ ಕಾವಲುಗಾರ. "ಬ್ರೆಡ್" ಅಂದೆ. ನಂಬಲಿಲ್ಲ. ಅಂಚಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಕರುಂ ಕುರುಂ ಅಗಿದು ತೋರಿಸಿದೆ. ಅವನು ಪಕ್ಕದವನ ಮುಖ ನೋಡಿದ, ಹುಬ್ಬು ಹಾರಿಸಿದ, ಹೋಗು ಅಂದ.

ಅವನದೂ ತಪ್ಪಿಲ್ಲ ಬಿಡಿ. ಅವರ ಊರಲ್ಲಿ ಬ್ರೆಡ್ ಅಂದರೆ ಸುಮ್ನೆ ಮಾತಲ್ಲ. ಮೊಳದುದ್ದದ ಬಗೆಟ್ ಮಾಡುವ ಕಲೆಯನ್ನು 2022ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿದೆ. ಸಾಂಪ್ರದಾಯಿಕ ಬ್ರೆಡ್ಡಿಗೆ ಏನು ಹಾಕಬೇಕು, ಏನು ಹಾಕಬಾರದು ಅಂತ 1993ರಲ್ಲೇ ಸರ್ಕಾರದ ಆದೇಶ ಆಗಿದೆ. ಹಿಟ್ಟು, ನೀರು, ಉಪ್ಪು, ಹುಳಿ ಬರಿಸಲು ಈಸ್ಟ್. ನಮ್ಮದರಲ್ಲಿ ಎರಡೇ ಸಾಮಾನು, ಆದೇಶದ ಗೊಡವೆಯೂ ಇಲ್ಲ. ಬೆಳಿಗ್ಗೆಯ ಬಗೆಟ್ ಸಂಜೆಗೆ ಕಟ್ಟಿಗೆ ಆಗುತ್ತದೆ, ಜನ ಬೇಜಾರು ಮಾಡಿಕೊಳ್ಳುತ್ತಾರೆ. ನಾವು ಮೊದಲೇ ಕಟ್ಟಿಗೆ ಮಾಡಿ ಇಟ್ಟಿರುತ್ತೇವೆ.

ಗೋಪುರದ ಎದುರಿನ ಹುಲ್ಲಿನ ಮೇಲೆ ಕೂತು ತಿಂದೆ. 1889ರ ಜಾಗತಿಕ ಮೇಳಕ್ಕೆ ಕಟ್ಟಿದ್ದು, ಇಪ್ಪತ್ತು ವರ್ಷ ಇಟ್ಟು ತೆಗೆಯುವುದು ಅಂತಿತ್ತು. ಈಗ ತುದಿಯ ಆಂಟೆನಾ ಸೇರಿ 330 ಮೀಟರ್. ಇದೆಲ್ಲ ಫೋನಲ್ಲೂ ಸಿಗುತ್ತದೆ. ಕೂತದ್ದಕ್ಕೆ ಸಿಕ್ಕಿದ್ದು ಬೇರೆ. ದಾರಿಯಲ್ಲಿ ಚಾದರ ಹಾಸಿ ಸಣ್ಣ ಸಣ್ಣ ಐಫೆಲ್ ಗೋಪುರ ಮಾರುವವರಿದ್ದರು. ಚಾದರದ ನಾಲ್ಕೂ ಮೂಲೆಗೆ ಹಗ್ಗ ಕಟ್ಟಿ, ನಾಲ್ಕೂ ತುದಿಯನ್ನು ಒಂದೇ ಕೈಯಲ್ಲಿ ಹಿಡಿದಿದ್ದರು. ಯಾರೋ ಸಿಳ್ಳೆ ಹಾಕಿದರು. ಒಂದೇ ಎಳೆತ, ಚಾದರ ಗಂಟಾಯಿತು. ನೂರು ಐಫೆಲ್ ಗೋಪುರ ಬೆನ್ನ ಮೇಲೆ ಜಣಜಣ ಅನ್ನುತ್ತಾ ಓಡಿದವು. ಸೈಕಲ್ ಮೇಲೆ ಪೊಲೀಸರು ಬಂದರು, ಹೋದರು. ಐದು ನಿಮಿಷಕ್ಕೆ ಚಾದರ ಮತ್ತೆ ಹಾಸಿತ್ತು. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಕೈಗಾಡಿಯವರು ಗಲ್ಲಿಗೆ ನುಗ್ಗುವುದು ನೋಡಿದ್ದೇನೆ. ಆದರೆ ಈ ಹಗ್ಗದ ಉಪಾಯ ಅವರಿಗೆ ಇನ್ನೂ ಬಂದಿಲ್ಲ.

ಮಧ್ಯಾಹ್ನ ಲೂವ್ರ್ ಮ್ಯೂಸಿಯಂ. ಯುರೋಪ್ ಒಕ್ಕೂಟದ ದೇಶಗಳಲ್ಲಿ ವಾಸವಿದ್ದು ಇಪ್ಪತ್ತಾರು ತುಂಬದವರಿಗೆ ಅಲ್ಲಿ ಟಿಕೆಟ್ ಇಲ್ಲ. ಜರ್ಮನಿಯ ವಾಸದ ಕಾರ್ಡ್ ಹಿಡಿದು ಪುಕ್ಕಟೆ ಒಳಗೆ ಹೋದಾಗ ಆದ ಖುಷಿ ಒಳಗಿನ ಯಾವ ಶಿಲ್ಪ ನೋಡಿದಾಗಲೂ ಆಗಲಿಲ್ಲ. ಗೆಳೆಯನಿಗೆ ಇಪ್ಪತ್ತೇಳು. ಪಾಪ.

ಎಲ್ಲರೂ ಓಡುವುದು ಮೋನಾಲಿಸಾ ಕಡೆಗೆ. ಚಿತ್ರ 77 ಸೆಂಟಿಮೀಟರ್ ಎತ್ತರ, 53 ಅಗಲ. ನಮ್ಮ ದೇವರ ಮನೆಯ ಶರಣಬಸವೇಶ್ವರರ ಫೋಟೊ ಅದಕ್ಕಿಂತ ದೊಡ್ಡದಿದೆ. ಮುಂದೆ ನೂರಾರು ಮೊಬೈಲ್ ಮೇಲೆದ್ದಿದ್ದವು. ನನಗೋ ಹಸಿವು. ಚಿತ್ರಗಳಿರುವ ಕೋಣೆಗಳಲ್ಲಿ ತಿನ್ನುವಂತಿಲ್ಲ. ಬೆನ್ನು ತಿರುಗಿಸಿದೆ. ಎದುರಿನ ಗೋಡೆಯ ತುಂಬಾ ಊಟ!

ವೆರೊನೆಸೆ ಎಂಬ ಕಲಾವಿದ 1563ರಲ್ಲಿ ಮುಗಿಸಿದ ಮದುವೆ ಊಟದ ಚಿತ್ರ ಅದು. ಸುಮಾರು 10 ಮೀಟರ್ ಅಗಲ. ಮೊದಲು ವೆನಿಸ್ಸಿನ ಒಂದು ಮಠದ ಊಟದ ಮನೆಯಲ್ಲಿತ್ತು. 1797ರಲ್ಲಿ ನೆಪೋಲಿಯನ್ನನ ಸೈನ್ಯ ಅಲ್ಲಿಂದ ಕಿತ್ತು ತಂದಿತು. ಬೈಬಲ್ಲಿನ ಕಥೆ. ಮದುವೆ ಮನೆಯಲ್ಲಿ ವೈನ್ ಮುಗಿದುಹೋಗುತ್ತದೆ, ಏಸು ನೀರನ್ನೇ ವೈನ್ ಮಾಡುತ್ತಾನೆ. ಹುಗ್ಗಿ ಸಾಲದೆ ಬಂದು, ಬೀಗರ ಮುಂದೆ ಮರ್ಯಾದೆ ಹೋಗುವ ಹೊತ್ತಿಗೆ ಯಾರೋ ಪುಣ್ಯಾತ್ಮ ಹಿಂದಿನ ಬಾಗಿಲಿಂದ ಇನ್ನೊಂದು ಕೊಪ್ಪರಿಗೆ ತಂದ ಹಾಗೆ. ಚಿತ್ರದಲ್ಲಿ ಒಬ್ಬ ದೊಡ್ಡ ಹೂಜಿ ಬಗ್ಗಿಸುತ್ತಿದ್ದಾನೆ. ಮೇಲಿನ ಕಟ್ಟೆಯಲ್ಲಿ ಮಾಂಸ ಕೊಚ್ಚುತ್ತಿದ್ದಾರೆ. ನಾಯಿಗಳು ನಡುವೆಯೇ ಕೂತಿವೆ. ವಾದ್ಯದವರು ಬಾರಿಸುತ್ತಲೇ ಇದ್ದಾರೆ, ಯಾರೂ ಕೇಳುತ್ತಿಲ್ಲ. ನೂರಕ್ಕೂ ಜಾಸ್ತಿ ಜನ. ಇಷ್ಟು ದೊಡ್ಡ ಪಂಗತಿಗೆ ಆ ಕೋಣೆಯ ಅಷ್ಟೂ ಮಂದಿ ಬೆನ್ನು ಹಾಕಿ ನಿಂತಿದ್ದಾರೆ. ಹೊಟ್ಟೆ ತುಂಬಿದ್ದರೆ ನಾನೂ ಹಾಕುತ್ತಿದ್ದೆನೇನೋ.

ಹೊರಗೆ ಬಂದು ಟ್ಯುಲರಿ ತೋಟದಲ್ಲಿ ಒಮ್ಮೆಲೇ ಎರಡು ರೊಟ್ಟಿ ತಿಂದೆ. ಅಲ್ಲಿ ಕೊಳದ ಸುತ್ತ ಹಸಿರು ಬಣ್ಣದ ಕಬ್ಬಿಣದ ಕುರ್ಚಿಗಳು. ಕಟ್ಟಿಹಾಕಿಲ್ಲ. ನೆರಳು ಸರಿದ ಹಾಗೆ ನೀವೂ ಎಳೆದುಕೊಂಡು ಸರಿಯಬಹುದು, ಕಾಸು ಕೇಳುವುದಿಲ್ಲ. ಪ್ಯಾರಿಸ್ಸಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಕುರ್ಚಿ. ಒಂದು ಪಾರಿವಾಳ ಕೆಳಗೆ ಬಿದ್ದ ರೊಟ್ಟಿ ಚೂರನ್ನು ನಾಲ್ಕು ಸಲ ಕುಟ್ಟಿತು, ನನ್ನ ಮುಖ ನೋಡಿತು, ಪಕ್ಕದವರ ಬ್ರೆಡ್ ಕಡೆಗೆ ಹೋಯಿತು.

ಭಾನುವಾರ ಬೇಗ ಮುಗಿಯಿತು. ನೋತ್ರದಾಮ್ ನೋಡಿದೆವು. ಬೆಂಕಿ ಬಿದ್ದು ಐದು ವರ್ಷ ಮುಚ್ಚಿದ್ದ ಚರ್ಚು, 2024ರ ಡಿಸೆಂಬರಿನಲ್ಲಿ ಮತ್ತೆ ತೆರೆದದ್ದು. ಮೆಟ್ರೊ ಮೆಟ್ಟಿಲು ಹತ್ತಿ ಇಳಿದು ಕಾಲು ಸತ್ತವು. ಐದನೇ ರೊಟ್ಟಿ ಸೇನ್ ನದಿಯ ಕಟ್ಟೆಯ ಮೇಲೆ. ಆರನೆಯದು ವಾಪಸ್ ಬಸ್ಸಿನಲ್ಲಿ. ಪಟ್ಟಿಯಲ್ಲಿ ಹದಿನಾರು ಮುಗಿಸಿದ್ದ ಗೆಳೆಯ ಏನೂ ಹೇಳದೆ ಕೈ ಚಾಚಿದ. ಅರ್ಧ ಮುರಿದು ಕೊಟ್ಟೆ. ಕತ್ತಲ ಬಸ್ಸಿನಲ್ಲಿ ನಾವಿಬ್ಬರು ಅಗಿಯುವ ಸದ್ದಿಗೆ ಮುಂದಿನ ಸೀಟಿನ ಅಜ್ಜಿ ಎರಡು ಸಲ ಹಿಂತಿರುಗಿ ನೋಡಿದರು.

ಮುತ್ಯಾನಿಗೆ ಹುಡುಕಿ ಉತ್ತರ ಹೇಳಿದೆ. ಫ್ರಾನ್ಸಿನಲ್ಲೂ ಜೋಳ ಬೆಳೆಯುತ್ತಾರೆ, ದಕ್ಷಿಣದ ಕಡೆ ಜಾಸ್ತಿ. ಆದರೆ ಹೆಚ್ಚಿನದು ದನ, ಕೋಳಿಗೆ. ಮುತ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ದನಕ್ಕ ಕಾಳು, ಮಂದಿಗಿ ಮೈದಾ. ಎಲ್ಲಾ ಉಲ್ಟಾ ಅದಾ" ಅಂದ.

ಫೋಟೊಗಳು ಕೈಯಿಂದ ಕೈಗೆ ಹೋದವು. ಕಾಕಿ ಬೇಗ ಬೇಗ ಸರಿಸಿದರು. ಅವ್ವನ ಕೈಗೆ ಬಂದಾಗ ಒಂದರ ಹತ್ತಿರ ನಿಂತಿತು. ಗೆಳೆಯ ಕೆಟ್ಟದಾಗಿ ತೆಗೆದದ್ದು. ನಾನು ಹುಲ್ಲಿನ ಮೇಲೆ ಕೂತಿದ್ದೇನೆ, ಬಾಯಿ ತುಂಬಿದೆ. ಹಿಂದೆ ಐಫೆಲ್ ಗೋಪುರದ ಒಂದು ಕಾಲು ಮಾತ್ರ. ಅವ್ವ ಎರಡು ಬೆರಳಿಂದ ಹಿಗ್ಗಿಸಿದಳು. ಗೋಪುರದ ಕಾಲು ಪಕ್ಕಕ್ಕೆ ಸರಿದು ಹೊರಗೆ ಹೋಯಿತು. ನನ್ನ ಮುಖವೂ ಹೋಯಿತು. ತೊಡೆಯ ಮೇಲಿನ ಟವೆಲ್ ಮಾತ್ರ ಉಳಿಯಿತು.

"ಅಂಚೆಲ್ಲ ಮುರದಾವಲ್ಲೋ" ಅಂದಳು. "ಈ ಸಲ ನಡುವ ನಡುವ ಕಾಗದ ಇಟ್ಟು ಕಟ್ತೀನಿ."